ಕಂದು ರೋಗ ಇಲ್ಲವೆಂದ ಮಾತ್ರಕ್ಕೆ

ನಮ್ಮ ಪಶು ಚಿಕಿತ್ಸಾಲಯದ ಹೊರಗುತ್ತಿಗೆ ಸಹಾಯಕನಿಗೆ 21 ದಿನಕ್ಕೊಮ್ಮೆ ಅರ್ಧ ದಿನದ ಅನುಮತಿ ಕೊಡುವುದು ನನಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಷ್ಟೇ ಅಭ್ಯಾಸವಾಗಿ ಹೋಗಿತ್ತು. ಚಿಕ್ಕಂದಿನಲ್ಲಿ ಬಂದ ರುಮಾಟಿಕ್ ಜ್ವರದಿಂದ ಆತನ ಹೃದಯದ ಒಂದು ಕವಾಟ ಕೆಟ್ಟಿತ್ತು. ಅದು ಇನ್ನಷ್ಟು ಕೆಡದಿರಲೆಂದು ಆತ ಜಿಲ್ಲಾಸ್ಪತ್ರೆಗೆ ಹೋಗಿ ಪೆನಿಸಿಲಿನ್ ಚುಚ್ಚಿಸಿಕೊಂಡು ಬರುತ್ತಿದ್ದ. ಈ ಸಂಗತಿ ನನಗೆ ಚೆನ್ನಾಗಿ ತಿಳಿದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ನನ್ನನ್ನು ಇಂದಿಗೂ ಚುಚ್ಚುವುದು ಅದೊಂದೇ.

ಮೂರು ವರ್ಷಗಳ ಹಿಂದಿನ ಮಾಘ ಮಾಸ, ಬಯಲುಸೀಮೆಯ ಒಣಗಾಳಿ ಆಗಲೇ ಎದ್ದಿತ್ತು. ಒಂಬತ್ತು ಹಸುಗಳ ಒಂದು ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುವೊಂದು ಎಂಟನೆಯ ತಿಂಗಳಲ್ಲೇ ಕರು ಹಾಕಿತ್ತು. ಕರು ಎದ್ದು ನಿಲ್ಲಲಾರದೆ ಎರಡು ತಾಸಿನಲ್ಲಿ ಸತ್ತಿತ್ತು. ಮರುದಿನ ಮಧ್ಯಾಹ್ನವಾದರೂ ಕಸ, ಅಂದರೆ ಮಾಸು, ಬಿದ್ದಿಲ್ಲವೆಂದು ಕರೆ ಬಂತು. ನಾನು ತೋಳುದ್ದದ ಗ್ಲೌಸ್ ಹಾಕಿಕೊಂಡು ಕೈ ಹಾಕಿದೆ. ಸಹಾಯಕ ಬರಿಗೈಯಲ್ಲಿ ಬಾಲ ಹಿಡಿದ, ಜೋತುಬಿದ್ದ ಕಸವನ್ನು ಎತ್ತಿ ಹಿಡಿದ, ಕೊನೆಗೆ ಅದನ್ನು ಬಕೆಟ್ಟಿಗೂ ತುಂಬಿದ. ಇಬ್ಬರ ಮುಖಕ್ಕೂ ಮಾಸ್ಕ್ ಇರಲಿಲ್ಲ. ಕೋವಿಡ್ ಕಾಲದಲ್ಲಿ ಬಂದಿದ್ದ ಎನ್95 ಮಾಸ್ಕುಗಳ ಎರಡು ಪೆಟ್ಟಿಗೆಗಳು ಸ್ಟೋರಿನಲ್ಲಿ, ದಾಸ್ತಾನು ಪುಸ್ತಕದ ಲೆಕ್ಕ ತಪ್ಪದಂತೆ, ಭದ್ರವಾಗಿದ್ದವು.

ಮನೆಯ ಅಜ್ಜಿ ಆ ಕಸವನ್ನು ಹುಲ್ಲಿನಲ್ಲಿ ಸುತ್ತಿ ಊರಾಚೆಯ ಆಲದ ಮರಕ್ಕೆ ಕಟ್ಟಿಸಬೇಕೆಂದರು. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವಿನ ಹಾಲೂ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಸುಣ್ಣ ಹಾಕಿ ಆಳಕ್ಕೆ ಹೂಳಿ ಎಂದು ನಾನು ಹೇಳಿದ್ದು ನಿಜ. ಆದರೆ ಹೂಳುವುದನ್ನು ನಿಂತು ನೋಡುವ ವ್ಯವಧಾನ ನನಗಿರಲಿಲ್ಲ. ಆ ವಾರ ಕಾಲುಬಾಯಿ ಲಸಿಕೆಯ ಗುರಿ ಮುಗಿಸಬೇಕಿತ್ತು. ಒಂದೊಂದು ಹಸುವಿಗೂ ಕಿವಿಯೋಲೆ ಸಂಖ್ಯೆ ತುಂಬಿ, ಮಾಲೀಕರ ಮೊಬೈಲಿಗೆ ಬರುವ ಓಟಿಪಿಗಾಗಿ ಸಿಗ್ನಲ್ ಇಲ್ಲದ ಹೊಲಗಳಲ್ಲಿ ಕೈಯೆತ್ತಿ ನಿಲ್ಲುವುದೇ ನಮ್ಮ ಮುಖ್ಯ ಪಶುವೈದ್ಯಕೀಯವಾಗಿತ್ತು.

ಹಸುವಿನ ರಕ್ತ ತೆಗೆದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿದೆ. ನಮೂನೆಯ ಅರ್ಜಿಯಲ್ಲಿ ‘ಶಂಕಿತ ರೋಗ’ ಎಂಬ ಒಂದು ಗೆರೆಯಿದೆ. ಅದರಲ್ಲಿ ‘ಬ್ರುಸೆಲ್ಲೋಸಿಸ್’, ಅಂದರೆ ಕಂದು ರೋಗ, ಎಂದು ಬರೆದೆ; ಕೇಳಿದ್ದನ್ನಷ್ಟೇ ಪರೀಕ್ಷಿಸುವುದು ಅವರ ಪದ್ಧತಿ. ನಾಲ್ಕನೆಯ ದಿನ, ಬ್ರುಸೆಲ್ಲಾ ಪತ್ತೆಗೆ ಮಾಡುವ ಆರ್‌ಬಿಪಿಟಿ ರಕ್ತಪರೀಕ್ಷೆ ನೆಗೆಟಿವ್ ಎಂಬ ವರದಿ ಬಂತು. ಕಂದು ಹಾಕಿದ ದಿನಗಳಲ್ಲಿ ಬ್ರುಸೆಲ್ಲಾ ಪರೀಕ್ಷೆಯೂ ಕೈಕೊಡಬಹುದು, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು ಎಂಬ ಪಾಠವನ್ನು ನಾನೇ ಕಿರಿಯರಿಗೆ ಹೇಳಿದ್ದೇನೆ. ಆದರೂ ಅಂದು ಕಡತ ಮುಚ್ಚಿದೆ. ಕಸದ ಗಂಟಿನಿಂದ ಒಂದು ಗಾಜಿನ ಪಟ್ಟಿಗೆ ಒತ್ತಿಕೊಂಡು ರೋಗಾಣುಗಳನ್ನು ಕಾಣಿಸುವ ಮಾರ್ಪಡಿಸಿದ ಝೀಲ್-ನೀಲ್ಸನ್ ಬಣ್ಣ ಹಾಕಿದ್ದರೆ ನಮ್ಮ ಹಳೆಯ ಸೂಕ್ಷ್ಮದರ್ಶಕದಲ್ಲೇ ಏನಾದರೂ ಸುಳಿವು ಸಿಗಬಹುದಿತ್ತು, ಅದನ್ನೂ ಮಾಡಲಿಲ್ಲ.

ಹದಿನೆಂಟನೆಯ ದಿನ ಸಹಾಯಕನಿಗೆ ಜ್ವರ ಬಂತು. ಚಳಿ, ಕಣ್ಣುಗುಡ್ಡೆಯ ಹಿಂದೆ ಒದೆಯುವಂಥ ತಲೆನೋವು, ರಾತ್ರಿಯೆಲ್ಲ ಹಾಸಿಗೆ ನೆನೆಯುವಷ್ಟು ಬೆವರು. ತಾಲ್ಲೂಕು ಕೇಂದ್ರದ ಕ್ಲಿನಿಕ್ಕೊಂದರಲ್ಲಿ ವೈಡಲ್ ಪರೀಕ್ಷೆ ಮಾಡಿ, ಸ್ವಲ್ಪ ಪಾಸಿಟಿವ್ ಇದೆಯೆಂದು ಟೈಫಾಯಿಡ್‌ಗೆ ಸೆಫ್ಟ್ರಿಯಾಕ್ಸೋನ್ ಶುರು ಮಾಡಿದರು. ಐದು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ನೋಡಲು ಹೋದೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದಲ್ಲಿ ಮಬ್ಬಿತ್ತು, ಯಕೃತ್ತಿನ ಕಿಣ್ವಗಳು ಏರಿದ್ದವು. ವಾರ್ಡಿನ ಫಿಸಿಶಿಯನ್ ನನ್ನನ್ನು ಹೊರಗೆ ಕರೆದು, “ಡಾಕ್ಟ್ರೇ, ನಿಮ್ಮ ಕಡೆಯಿಂದ, ಅಂದರೆ ದನಗಳಿಂದ ಬರುವಂಥದ್ದು ಏನಾದರೂ ಇರಬಹುದಾ?” ಎಂದು ಕೇಳಿದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಇಲ್ಲ ಸಾರ್, ಒಂದು ಹಸು ಕಂದು ಹಾಕಿತ್ತು, ಬ್ರುಸೆಲ್ಲಾ ನೋಡಿದ್ದೇವೆ, ನೆಗೆಟಿವ್,” ಎಂದೆ. ಆ ಉತ್ತರದಲ್ಲಿ ಎಷ್ಟು ಆತ್ಮವಿಶ್ವಾಸವಿತ್ತೆಂದರೆ, ಸ್ಕ್ರಬ್ ಟೈಫಸ್ ಎಂಬ, ನುಸಿ ಕಚ್ಚಿ ಬರುವ ಜ್ವರದ ಗುಮಾನಿಯಿಂದ ಡಾಕ್ಸಿಸೈಕ್ಲಿನ್ ಸೇರಿಸಬೇಕೆಂದಿದ್ದ ಅವರು, ಇನ್ನೊಂದೆರಡು ದಿನ ಕಾಯೋಣವೆಂದು ಸುಮ್ಮನಾದರಂತೆ. ಇದನ್ನು ಅವರು ಆಮೇಲೆ ಹೇಳಿದರು, ದೂರುವ ದನಿಯಲ್ಲಲ್ಲ, ದೂರಿದ್ದರೆ ವಾಸಿಯಿತ್ತು.

ಎರಡು ದಿನದ ಬಳಿಕ ರಾತ್ರಿ ಒಂಬತ್ತೂವರೆಗೆ ಅದೇ ಕೊಟ್ಟಿಗೆಯಿಂದ ಫೋನ್ ಬಂತು. ಇನ್ನೊಂದು ಹಸು ಕಂದು ಹಾಕಿತ್ತು. “ಬೆಳಿಗ್ಗೆ ಬನ್ನಿ ಸಾರ್, ಈಗ ನಾವೂ ಆಸ್ಪತ್ರೆಲಿದೀವಿ, ಅವ್ವನಿಗೆ ವಾರದಿಂದ ಜ್ವರ, ಕೆಮ್ಮು” ಎಂದರು ಆ ಮನೆಯವರು. ನಾನು ಯಾಕೋ ಕೇಳಿದೆ: “ಮೊದಲನೇ ಹಸುವಿನ ಕಸ ಹೂಳಿದಿರಾ?” ಆ ಕಡೆ ಮಾತು ನಿಂತಿತು. ಮತ್ತೆ, “ಅವ್ವ ಕೇಳ್ಲಿಲ್ಲ ಸಾರ್, ತಾನೇ ಹುಲ್ಲಲ್ಲಿ ಸುತ್ತಿ ಕೊಟ್ಳು, ಮರಕ್ಕೇ ಕಟ್ಟಿದ್ವಿ” ಎಂಬ ಉತ್ತರ ಬಂತು.

ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದು, ಬಲಹೀನ ಕರು, ಬೀಳದ ಕಸ. ಕಸ ಮುಟ್ಟಿದವರಿಗೆ ಎರಡು ಮೂರು ವಾರದಲ್ಲಿ ಜ್ವರ, ನ್ಯುಮೋನಿಯ, ಯಕೃತ್ತಿನ ಉರಿಯೂತ. ಪೆನಿಸಿಲಿನ್ ಬಳಗದ ಔಷಧಗಳಿಗೆ ಬಗ್ಗದಿರುವುದು. ಕಾಲೇಜಿನಲ್ಲಿ ಇದನ್ನೇ ಹತ್ತು ಅಂಕದ ಪ್ರಶ್ನೆಗೆ ಬರೆದು ಪಾಸಾದವನು ನಾನು. ಕಾಕ್ಸಿಯೆಲ್ಲಾ ಬರ್ನೆಟಿ, ಕ್ಯೂ ಜ್ವರ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕಸಾಯಿಖಾನೆಯ ಕೆಲಸಗಾರರಿಗೆ ಬಂದ ಜ್ವರ ಯಾವುದೆಂದು ತಿಳಿಯದೆ ಎಡ್ವರ್ಡ್ ಡೆರಿಕ್ ಎಂಬ ವೈದ್ಯರು ‘ಕ್ವೆರಿ’, ಅಂದರೆ ಪ್ರಶ್ನೆ, ಎಂಬ ಅರ್ಥದಲ್ಲಿ ಇಟ್ಟ ಹೆಸರು ಅದು. ಒಂದು ಗ್ರಾಂ ಕಸದಲ್ಲಿ ನೂರು ಕೋಟಿಯವರೆಗೂ ರೋಗಾಣುಗಳಿರಬಹುದು, ಮನುಷ್ಯನಿಗೆ ಅಂಟಲು ಬೆರಳೆಣಿಕೆಯಷ್ಟು ಸಾಕು, ಒಣಗಿದರೂ ಅವು ತಿಂಗಳುಗಟ್ಟಲೆ ಸಾಯದೆ ದೂಳಿನೊಂದಿಗೆ ಹಾರುತ್ತವೆ ಎಂಬುದೂ ಒಂದೊಂದಾಗಿ ನೆನಪಾಯಿತು. ಕೊನೆಗೆ ನೆನಪಾದದ್ದು ಸಹಾಯಕನ ಆ 21 ದಿನಕ್ಕೊಮ್ಮೆಯ ಅರ್ಧ ದಿನದ ಅನುಮತಿ. ಈ ರೋಗಾಣು ದೀರ್ಘಕಾಲ ಉಳಿದುಕೊಂಡರೆ ಹುಡುಕಿಕೊಂಡು ಹೋಗುವುದೇ ಕೆಟ್ಟ ಕವಾಟವನ್ನು.

ಫಿಸಿಶಿಯನ್‌ಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೈಕ್ ತೆಗೆದುಕೊಂಡು ಹೊರಟವನು ರೈಲ್ವೆ ಗೇಟಿನ ಮುಂದೆ ನಿಲ್ಲಬೇಕಾಯಿತು. ಉದ್ದದ ಗೂಡ್ಸ್ ರೈಲೊಂದು ಸಾಗುತ್ತಿದ್ದಷ್ಟು ಹೊತ್ತೂ, ನಾನು ಹೇಳಿದ ‘ನೆಗೆಟಿವ್’ ಎಂಬ ಪದ ಪ್ರತಿ ವ್ಯಾಗನ್ನಿನೊಂದಿಗೂ ಹಾದುಹೋಗುತ್ತಿತ್ತು. ವಾರ್ಡಿನಲ್ಲಿ ರಾತ್ರಿ ಪಾಳಿಯ ಕಿರಿಯ ವೈದ್ಯೆ ನನ್ನ ಮಾತನ್ನು ಪೂರ್ತಿ ಕೇಳಿ, ಹಿರಿಯರನ್ನು ಹೇಗೋ ಸಂಪರ್ಕಿಸಿ, ಹನ್ನೊಂದು ಗಂಟೆಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಕೊಟ್ಟರು. ಅದಕ್ಕೂ ಮೊದಲು ರಕ್ತ ತೆಗೆದಿಟ್ಟುಕೊಂಡರು. ಅಷ್ಟು ಬುದ್ಧಿ ನನಗೆ ಮೂರು ವಾರದ ಹಿಂದೆ ಇರಲಿಲ್ಲ. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಅಜ್ಜಿಗೂ ಅದೇ ಮಾತ್ರೆ ಸಾಕಾಯಿತು.

ಖಚಿತವಾಗಲು ತಿಂಗಳು ಹಿಡಿಯಿತು. ಸಹಾಯಕನ ಮೊದಲ ರಕ್ತದಲ್ಲಿ, ಹೊಸ ಸೋಂಕಿನಲ್ಲಿ ಮೊದಲು ಏರುವ ‘ಫೇಸ್ ಎರಡರ’ ಪ್ರತಿಕಾಯಗಳು ಅಲ್ಪಸ್ವಲ್ಪ ಮಾತ್ರ ಇದ್ದವು. ನಾಲ್ಕು ವಾರದ ನಂತರದ ರಕ್ತದಲ್ಲಿ ನಾಲ್ಕು ಪಟ್ಟಿಗೂ ಮೀರಿ ಏರಿದ್ದವು. ಕೊಟ್ಟಿಗೆಯ ಒಂಬತ್ತು ಹಸುಗಳಲ್ಲಿ ನಾಲ್ಕಕ್ಕೆ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂತು, ಅವುಗಳಲ್ಲಿ ಎರಡು ನೋಡಲು ಗುಂಡುಕಲ್ಲಿನಂತಿದ್ದವು. ದನಗಳಲ್ಲಿ ಈ ರೋಗ ಹೀಗೆಯೇ, ಬಹುಪಾಲು ಸದ್ದಿಲ್ಲದೆ ಇರುತ್ತದೆ. ಹಾಲಿನಲ್ಲೂ ರೋಗಾಣು ಬರುತ್ತದೆ. ನಮ್ಮ ಜನ ಹಾಲು ಕಾಯಿಸದೆ ಕುಡಿಯುವುದು ಅಪರೂಪವಾದ್ದರಿಂದ ಆ ಭಯ ಕಡಿಮೆ, ಆದರೆ ಕರೆದ ಕೂಡಲೇ ಮಕ್ಕಳಿಗೆ ನೊರೆಹಾಲು ಕೊಡುವ ಮನೆಗಳು ಇನ್ನೂ ಇವೆ. ನನ್ನ ರಕ್ತವನ್ನೂ ನೋಡಿಸಿದೆ. ಹಳೆಯ ಸೋಂಕಿನ ಗುರುತಿತ್ತು. ಮೊದಲ ಪೋಸ್ಟಿಂಗಿನಲ್ಲಿ ಹತ್ತು ದಿನ ಮಲಗಿಸಿದ್ದ ‘ವೈರಲ್ ಜ್ವರ’ ಯಾವುದಿರಬಹುದೆಂದು ಈಗ ಊಹಿಸಬಲ್ಲೆ.

ಸಹಾಯಕನ ಹೃದಯದ ಎಕೋ ಸ್ಕ್ಯಾನಿನಲ್ಲಿ ಹೊಸ ತೊಂದರೆಯೇನೂ ಕಾಣಲಿಲ್ಲ. ಆದರೂ ಕವಾಟ ಮೊದಲೇ ಕೆಟ್ಟಿದ್ದರಿಂದ ತಜ್ಞರು ಡಾಕ್ಸಿಸೈಕ್ಲಿನ್ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಒಂದು ವರ್ಷ ಕೊಟ್ಟರು. ಆ ಮಾತ್ರೆಗೆ ಬಿಸಿಲು ಆಗದು. ಇಡೀ ಬೇಸಿಗೆ ಆತ ಲಸಿಕೆ ಪೆಟ್ಟಿಗೆಯನ್ನು ಒಂದು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಹೊಲ ದಾಟುವುದನ್ನು ನೋಡಿದ ಊರವರು ನಗುತ್ತಿದ್ದರು, ಆತನೂ ನಗುತ್ತಿದ್ದ. ನಾನು ನಗಲಿಲ್ಲ. ಕೆಲಸದಿಂದಲೇ ಬಂದ ಕಾಯಿಲೆಯೆಂದು ವೇತನಸಹಿತ ರಜೆಗೆ ಬರೆದ ಪತ್ರ, ‘ಹೊರಗುತ್ತಿಗೆ ನೌಕರರಿಗೆ ಅನ್ವಯಿಸುವುದಿಲ್ಲ’ ಎಂಬ ಷರಾದೊಂದಿಗೆ ಹಿಂದಕ್ಕೆ ಬಂತು. ‘ಕ್ಯೂ ಜ್ವರ’ ಎಂಬ ಪದ ಓದಿದ ಗುಮಾಸ್ತರೊಬ್ಬರು, ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತರೆ ಬರುವುದೇ ಎಂದು ಫೋನಿನಲ್ಲಿ ತಮಾಷೆ ಮಾಡಿದರು. ಆಸ್ಟ್ರೇಲಿಯಾದಲ್ಲಿ ದನ ಮುಟ್ಟುವ ಕೆಲಸದವರಿಗೆ ಇದರ ಲಸಿಕೆ 1989ರಿಂದ ಸಿಗುತ್ತಿದೆ ಎಂದು ಅವರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಸ್ಟೋರಿನ ಮಾಸ್ಕುಗಳನ್ನು ಅದೇ ವಾರ ಹೊರಗೆ ತೆಗೆದೆ. ಲೆಕ್ಕ ತಪ್ಪಿದ್ದಕ್ಕೆ ಆಡಿಟ್ ಆಕ್ಷೇಪಣೆ ಬಂದು, ಉತ್ತರ ಕೊಟ್ಟಿದ್ದೇನೆ. ಕಸ ತೆಗೆಯುವ ಕರೆ ಬಂದರೆ ಸಹಾಯಕನನ್ನು ಕರೆದೊಯ್ಯುವುದಿಲ್ಲ, ಬಸಿರಿ ಹೆಂಗಸರು ಕೊಟ್ಟಿಗೆಯ ಹತ್ತಿರವಿದ್ದರೆ ಆಚೆ ಕಳಿಸುತ್ತೇನೆ, ಗುಂಡಿ ಮುಚ್ಚುವವರೆಗೆ ಅಲ್ಲೇ ನಿಲ್ಲುತ್ತೇನೆ. ಇನ್ನು ಆ ಅರ್ಜಿಯ ಒಂದು ಗೆರೆಯಲ್ಲಿ ಈಗ ಬ್ರುಸೆಲ್ಲೋಸಿಸ್, ಕ್ಯೂ ಜ್ವರ, ಲೆಪ್ಟೋಸ್ಪೈರೋಸಿಸ್, ಐಬಿಆರ್ ಎಂದು, ಕಂದು ಹಾಕಿಸಬಲ್ಲ ನಾಲ್ಕೂ ರೋಗಗಳ ಹೆಸರುಗಳನ್ನು ಅಂಚಿನವರೆಗೆ ಒತ್ತೊತ್ತಾಗಿ ಬರೆಯುತ್ತೇನೆ. ಕಳೆದ ತಿಂಗಳು ಒಂದು ಅರ್ಜಿ ವಾಪಸು ಬಂದಿದೆ: ‘ಯಾವುದಾದರೂ ಒಂದನ್ನು ಮಾತ್ರ ನಮೂದಿಸುವುದು.’ ನಾಲ್ಕು ಪ್ರತ್ಯೇಕ ಅರ್ಜಿ ತುಂಬಿ, ಅದೇ ಹಸುವಿನ ರಕ್ತದ ಜೊತೆ ಮತ್ತೆ ಕಳಿಸಿದ್ದೇನೆ.