ಆಶ್‌ವೆಲ್ ಚರ್ಚಿನ ಗೋಡೆ

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಆಶ್‌ವೆಲ್ ಅಂಡ್ ಮಾರ್ಡೆನ್ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಆಶ್‌ವೆಲ್ ಹಳ್ಳಿ ಬಂತು ಅಂದುಕೊಳ್ಳಬೇಡಿ. ಊರು ಅಲ್ಲಿಂದ ಸುಮಾರು 4 ಕಿಲೋಮೀಟರ್. ನಾವು ಇಳಿದಾಗ ಬಸ್ಸು ಇರಲಿಲ್ಲ. ಟ್ಯಾಕ್ಸಿಯವನು ಹತ್ತೇ ನಿಮಿಷ ಅಂದವನು ಬರಲೇ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಹೊಲಗಳ ನಡುವೆ ನಡೆದೆವು. "ಕೇಂಬ್ರಿಡ್ಜಿನಲ್ಲಿ ಇಲ್ಲದ್ದು ಇಲ್ಲೇನಿದೆ ಅಕ್ಕಾ?" ಅಂತ ತಂಗಿ ದಾರಿಯುದ್ದಕ್ಕೂ ಬೈದಳು. ಕೇಂಬ್ರಿಡ್ಜಿನಲ್ಲಿ ಮೂರು ದಿನ ಇದ್ದೆವು. ಚೆನ್ನಾಗಿದೆ, ಕ್ಯೂ ಜಾಸ್ತಿ. ಅಷ್ಟೇ.

ಸೇಂಟ್ ಮೇರಿ ಚರ್ಚಿನ ಗೋಪುರ ಊರಿಗಿಂತ ಮುಂಚೆಯೇ ಕಂಡಿತು. 176 ಅಡಿ ಎತ್ತರ. ಕಟ್ಟಡದ ಬಹುಪಾಲು 14ನೇ ಶತಮಾನದ್ದು. ಕಲ್ಲಿನ ಹೆಸರು ಕ್ಲಂಚ್. ಸೀಮೆಸುಣ್ಣದ ಜಾತಿ, ಮೆದು. ಚಾಕುವಿನ ಮೊನೆ ತಾಗಿದರೆ ಸಾಕು, ಗೆರೆ ಬೀಳುತ್ತದೆ.

ಒಳಗೆ ಒಬ್ಬ ಅಜ್ಜಿ ಹೂ ಜೋಡಿಸುತ್ತಿದ್ದರು. "ಗೋಡೆ ನೋಡೋಕೆ ಬಂದಿರಾ?" ಅಂತ ಗೋಪುರದ ಬುಡಕ್ಕೆ ಕರೆದುಕೊಂಡು ಹೋದರು. ಮೊಬೈಲಿನ ಬೆಳಕು ಬಿಟ್ಟೆ. ಬರೀ ಗೋಡೆ. "ಎದುರಿಗೆ ಬೇಡ, ಗೋಡೆಗೆ ತಾಗಿಸಿ ಪಕ್ಕದಿಂದ ಹಿಡಿಯಿರಿ" ಅಂದರು. ಹಾಗೆ ಹಿಡಿದದ್ದೇ ತಡ, ಅಕ್ಷರಗಳು ನೆರಳು ಕಟ್ಟಿಕೊಂಡು ಎದ್ದವು.

ಲ್ಯಾಟಿನ್. ಸಾವಿರ, ಮೂರು ಸಲ ನೂರು, ಐದು ಸಲ ಹತ್ತು ಅಂತ ಒಗಟಿನ ಹಾಗೆ ಇಸವಿ: 1350. ಪ್ಲೇಗು ಇಂಗ್ಲೆಂಡಿಗೆ ಕಾಲಿಟ್ಟದ್ದು 1348ರಲ್ಲಿ. ಮೂರರಲ್ಲಿ ಒಬ್ಬರಾದರೂ ಸತ್ತರು. ದಯನೀಯ, ಕ್ರೂರ, ಭೀಕರ, ಉಳಿದ ಕೀಳು ಜನವೇ ಇದಕ್ಕೆ ಸಾಕ್ಷಿ ಅಂತ ಆ ಪ್ಲೇಗಿನ ಬಗ್ಗೆ ಯಾರೋ ಇಲ್ಲಿ ಗೀಚಿ ಬರೆದಿದ್ದಾನೆ. ಗಟ್ಟಿಕಾಳು ಹೋಯಿತು, ಜೊಳ್ಳು ಉಳಿಯಿತು ಅನ್ನುತ್ತೇವಲ್ಲ, ಹಾಗೆ. ಕೆಳಗೆ 1361ರ ಬಿರುಗಾಳಿಯ ಮಾತು. ಸಂತ ಮಾರನ ಹಬ್ಬದ ದಿನ ಬೀಸಿದ್ದು. ನಮ್ಮ ಲೆಕ್ಕಕ್ಕೆ ಅದು 1362ರ ಜನವರಿ. ಅವರ ಹೊಸ ವರ್ಷ ಆಗ ಮಾರ್ಚಿನಲ್ಲಿ ಶುರುವಾಗುತ್ತಿತ್ತು.

"ಕೀಳು ಜನ ಅಂದರೆ ಯಾರು?" ಕೇಳಿದೆ.

"ಬರೆದವನೂ ಸೇರಿದಂತೆ" ಅಂದರು ಅಜ್ಜಿ. ಹೂವಿನ ದಂಟೊಂದನ್ನು ಕತ್ತರಿಸಿ, "ಈಗ ಈ ಊರಲ್ಲಿರೋದು ಅವರ ಮೊಮ್ಮಕ್ಕಳೇ ಅಲ್ವಾ? ಸತ್ತವರಿಗೆ ಮೊಮ್ಮಕ್ಕಳು ಎಲ್ಲಿಂದ ಬರಬೇಕು?" ಅಂದರು.

ನನಗೆ ತಕ್ಷಣ ಮಾತು ಹೊರಡಲಿಲ್ಲ. ಕೋಟೆ ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಉರಿದು ಬೀಳುವವಳು ನಾನು. ಇವನನ್ನು ಬೈಯಲು ಮನಸ್ಸು ಬರಲಿಲ್ಲ.

ಅಲ್ಲೇ ಒಂದು ದೊಡ್ಡ ಚರ್ಚಿನ ಚಿತ್ರವೂ ಇದೆ. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಅನ್ನುತ್ತಾರೆ. ಅದರ ಶಿಖರ 1561ರಲ್ಲಿ ಸಿಡಿಲಿಗೆ ಹೋಯಿತು, ಉಳಿದದ್ದು 1666ರ ಬೆಂಕಿಗೆ. ಇನ್ನೊಂದು ಕಡೆಯ ಗೀಚನ್ನು ಅಜ್ಜಿ ಓದಿ ಹೇಳಿದರು: ಮೂಲೆಗಳ ಜೋಡಣೆ ಸರಿಯಿಲ್ಲ, ಥೂ!

ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ತಂಗಿ ಅಲ್ಲಿಯವರೆಗೆ ಛತ್ರಿ ಒದರುತ್ತಾ ನಿಂತಿದ್ದಳು. ಇದನ್ನು ಕೇಳಿ ಹತ್ತಿರ ಬಂದಳು. ಕತ್ತೆತ್ತಿ ಮೂಲೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಮ್ಮ ಮೇಸ್ತ್ರಿ ಕೆಲಸಕ್ಕಿಂತ ವಾಸಿ ಬಿಡು ಅಕ್ಕಾ."