ಕುಪ್ಪಳಿಗೆ ಹೋಗುವವರು ರೂಮಿಗೆ ಮುಂಗಡ ಕೊಡುವ ಮುಂಚೆ

ಕುಪ್ಪಳಿ ಇರುವ ತೀರ್ಥಹಳ್ಳಿ ಕಡೆ ‘ಹಳೇ ತೊಟ್ಟಿ ಮನೆಯಲ್ಲಿ ವಾಸ್ತವ್ಯ’ ಅಂತ ಜಾಹೀರಾತು ಕಂಡರೆ, ನೀವು ಮಲಗುವ ಕೋಣೆಯ ಫೋಟೋ ಕೇಳಿ ತರಿಸಿಕೊಳ್ಳಿ. ತಲೆಗೆ 2,200 ರೂಪಾಯಿ ತಗೊಂಡು ನಮಗೆ ಕೊಟ್ಟಿದ್ದು ಹಿತ್ತಲಲ್ಲಿ ಕಟ್ಟಿದ ಸಿಮೆಂಟ್ ರೂಮು. ಮೇಲೆ ಶೀಟು. ಮಳೆ ಹಿಡಿದರೆ ಪಕ್ಕದವರ ಮಾತೂ ಕೇಳಿಸದು. ಹಳೇ ಮನೆಯೊಳಗೆ ಬಿಟ್ಟಿದ್ದು ಊಟಕ್ಕೆ ಮಾತ್ರ. ಕೇಳಿದರೆ, ‘ಫೋಟೋದಲ್ಲಿರೋದೂ ನಮ್ಮ ಮನೆಯೇ ಅಲ್ವಾ?’ ಅಂದರು.

ತೊಟ್ಟಿ ಮನೆ ನೋಡುವ ಆಸೆಗೆ ಕುಪ್ಪಳಿಯ ಕವಿಮನೆಯೇ ಸಾಕು. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಇಲ್ಲಿ. ಶಿಥಿಲವಾಗಿದ್ದ ಮನೆಯನ್ನು ಕುವೆಂಪು ಪ್ರತಿಷ್ಠಾನದವರು ಹಳೆಯ ರೂಪದಲ್ಲೇ ಎತ್ತಿ ನಿಲ್ಲಿಸಿದ್ದಾರೆ. ಹೆಚ್ಚಿನವರು ಫಲಕ ಓದುತ್ತಾ ಸರಸರ ಮಹಡಿ ಹತ್ತಿ ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ನಡುವಿನ ಅಂಗಳದ ಪಕ್ಕ ಜಗಲಿಯಲ್ಲಿ ನಿಂತು ಸುತ್ತ ನೋಡಿ. ನಾಲ್ಕೂ ಕಡೆಯ ಮಾಡು ಒಳಕ್ಕೂ ಇಳಿಯುತ್ತದೆ, ಆ ನೀರು ಅಂಗಳಕ್ಕೇ ಬೀಳುತ್ತದೆ. ಹೊರಗೆ ಕಾಲಿಡಲಾಗದ ಮಳೆಗಾಲದಲ್ಲೂ ತುಂಬಿದ ಕುಟುಂಬಕ್ಕೆ ಗಾಳಿ ಬೆಳಕು ಸಿಗುತ್ತಿದ್ದದ್ದು ಹೀಗೆ. ಕುವೆಂಪು ಅವರ ಮದುವೆಯ ಮಂಟಪವೂ ಇಲ್ಲೇ ಇದೆ. 2015ರಲ್ಲಿ ಅವರ ಪದ್ಮ ಪದಕಗಳನ್ನು ಕಳ್ಳರು ಹೊತ್ತೊಯ್ದದ್ದೂ ಇದೇ ಮನೆಯಿಂದ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮನೆಯ ಹತ್ತಿರದ ಗುಡ್ಡ ಕವಿಶೈಲದಲ್ಲಿ ದೊಡ್ಡ ಕಲ್ಲುಗಂಬಗಳ ಮುಂದೆ ಸೆಲ್ಫಿ ಗಲಾಟೆ ಜಾಸ್ತಿ. ಬಂಡೆಯ ಮೇಲೆ ಕುವೆಂಪು ಅವರ ಗುರುಗಳಾದ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ ಕೆತ್ತಿದ ತಮ್ಮ ಹೆಸರುಗಳನ್ನು ಮಾತ್ರ ಹುಡುಕಿ ನೋಡಿ. ಕುವೆಂಪು ಸಮಾಧಿಯೂ ಅಲ್ಲೇ. ಭಾನುವಾರ ಬೇಡ, ವಾರದ ದಿನ ಬೆಳಗ್ಗೆಯೇ ಹತ್ತಿ.

ಊಟಕ್ಕೆ ತೀರ್ಥಹಳ್ಳಿ ಪೇಟೆಗೇ ಬನ್ನಿ. ಬಸ್ ನಿಲ್ದಾಣದಿಂದ ಸ್ವಲ್ಪ ನಡೆದರೆ ನಾಲ್ಕೇ ಮೇಜಿನ ಒಂದು ಖಾನಾವಳಿ. ಬೋರ್ಡೂ ಮಾಸಿದೆ. ಬಿಸಿ ಕಡುಬು ಮುರಿದು ಹಬೆ ಏಳುವಾಗಲೇ ಮೇಲೆ ಕೊಬ್ಬರಿ ಎಣ್ಣೆ ಬಿಡುತ್ತಾರೆ, ಪಕ್ಕಕ್ಕೆ ಕಾಯಿ ಚಟ್ನಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ತಂಬುಳಿಯನ್ನು ಲೋಟಕ್ಕೂ ಹಾಕಿಸಿಕೊಂಡು ಕುಡಿದೆವು. ‘ಇನ್ನೊಂಚೂರು ಹಾಕ್ಲಾ?’ ಅಂತ ಬಡಿಸುವ ಅಮ್ಮ ಕೇಳುತ್ತಲೇ ಇದ್ದರು. ಇಬ್ಬರಿಗೂ ಸೇರಿ 160 ರೂಪಾಯಿ. ಹೋಂಸ್ಟೇಯ ತಣ್ಣನೆ ಪಲಾವಿಗಿಂತ ಇದು ಸಾವಿರ ಪಾಲು ಮೇಲು.

ಕುಪ್ಪಳಿಗೆ ಬಸ್ಸಲ್ಲಿ ಹೋಗುವವರು ತೀರ್ಥಹಳ್ಳಿಯಿಂದ ಕೊಪ್ಪ ಕಡೆಯ ಬಸ್ ಹತ್ತಿ ಗಡಿಕಲ್ಲಿನಲ್ಲಿ ಇಳಿಯಬೇಕು. ಸಂಜೆ ಬಸ್ಸು ಕಾಲಿಡಲೂ ಜಾಗ ಇಲ್ಲದಷ್ಟು ತುಂಬಿರುತ್ತದೆ. ಚಿಕ್ಕ ಮಕ್ಕಳಿದ್ದರೆ ತೀರ್ಥಹಳ್ಳಿಯಿಂದಲೇ ಹೋಗಿ ಬರಲು ಆಟೋ ಮಾತಾಡಿಕೊಳ್ಳಿ, ಕಾಯುವ ದುಡ್ಡನ್ನೂ ಮೊದಲೇ ಸೇರಿಸಿ.