ಲಾಗ್‌ಬುಕ್ಕಿನಲ್ಲಿ ಬರೆದ ಒಂದು ‘ಹ್ಯಾಡ್’

ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿರುವ ನಾನು ಪ್ರತಿ ಪಾಳಿಯ ಕೊನೆಗೆ ಲಾಗ್‌ಬುಕ್ಕನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಒಂದು ರಾತ್ರಿ ಪಾಳಿಯಲ್ಲಿ ಪಂಪಿನ ಬೇರಿಂಗ್ ಬಿಸಿಯಾಗಿ ಅಲಾರಂ ಹೊಡೆಯಿತು. ಆಪರೇಟರ್ ಓಡಿಹೋಗಿ ಪಂಪ್ ನಿಲ್ಲಿಸಿದರು. ನಾನು ಬರೆದದ್ದು ಹೀಗೆ: ‘ವೆನ್ ದಿ ಅಲಾರಂ ಸೌಂಡೆಡ್, ದಿ ಆಪರೇಟರ್ ಹ್ಯಾಡ್ ಸ್ಟಾಪ್ಡ್ ದಿ ಪಂಪ್.’ ಮರುದಿನ ಅದನ್ನು ಓದಿದ, ಕನ್ನಡ ಬಾರದ ಹಿರಿಯ ಅಧಿಕಾರಿಯೊಬ್ಬರು ಆಪರೇಟರನ್ನು ಕರೆಸಿ, ಅಲಾರಂ ಹೊಡೆಯುವ ಮೊದಲೇ ಪಂಪ್ ನಿಲ್ಲಿಸಿದ್ದೇಕೆ ಎಂದು ಲಿಖಿತ ವಿವರಣೆ ಕೇಳಿದರು. ಸಮಯಕ್ಕೆ ಸರಿಯಾಗಿ ಕೆಲಸ ಮಾಡಿದವರು ನಾನು ಬರೆದ ‘ಹ್ಯಾಡ್ ಸ್ಟಾಪ್ಡ್’ ಎಂಬ ಒಂದು ಕ್ರಿಯಾಪದದಿಂದಾಗಿ ಉತ್ತರ ಕೊಡಬೇಕಾಗಿ ಬಂತು.

ತಪ್ಪಿನ ಮೂಲ ನನ್ನ ಕನ್ನಡದಲ್ಲೇ ಇತ್ತು. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎಂದರೆ ನಮಗೆ, ಹೋಗಿ ಬಂದದ್ದೂ ಆಯಿತು ಎಂಬ ಅರ್ಥ ಸಹಜವಾಗಿ ಹೊಳೆಯುತ್ತದೆ. ಅದಕ್ಕೆ ಇನ್ನೊಂದು ಘಟನೆಯ ಜೊತೆ ಬೇಕಿಲ್ಲ. ಆ ‘ಇದ್ದೆ’ಯನ್ನೇ ನಾವು ‘ಹ್ಯಾಡ್’ ಎಂದುಕೊಂಡು ‘ಐ ಹ್ಯಾಡ್ ಗಾನ್ ಟು ಮೈಸೂರ್ ಲಾಸ್ಟ್ ವೀಕ್’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ‘ವೆಂಟ್’ ಸಾಕು. ಕಳೆದುಹೋದ ಒಂದು ಗಳಿಗೆಯನ್ನು ಮೊದಲು ಗುರುತಿಸಿ, ಅದಕ್ಕೂ ಹಿಂದೆ ನಡೆದದ್ದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಬೇಕಾಗುತ್ತದೆ. ರೂಪ ಕಷ್ಟದ್ದಲ್ಲ: ಕರ್ತೃ ಯಾರೇ ಆಗಿರಲಿ ‘ಹ್ಯಾಡ್’ ಬದಲಾಗದು, ಅದರ ಮುಂದೆ ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಎಂದು ಬಾಯಿಪಾಠ ಮಾಡಿದ ಮೂರನೆಯ ರೂಪ ಬರುತ್ತದೆ.

ನಮ್ಮ ಕೆಲಸದಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಒಂದು ಜೋಡಿ ವಾಕ್ಯ ತೋರಿಸುತ್ತದೆ. ‘ವೆನ್ ಐ ರೀಚ್ಡ್, ದಿ ಸೀಲ್ ಹ್ಯಾಡ್ ಫೇಲ್ಡ್’ ಎಂದರೆ ನಾನು ತಲುಪುವ ಹೊತ್ತಿಗೆ ಸೀಲ್, ಅಂದರೆ ಸೋರಿಕೆ ತಡೆಯುವ ಭಾಗ, ಆಗಲೇ ಕೆಟ್ಟಿತ್ತು. ‘ವೆನ್ ಐ ರೀಚ್ಡ್, ದಿ ಸೀಲ್ ಫೇಲ್ಡ್’ ಎಂದರೆ ನಾನು ತಲುಪಿದ ಮೇಲೆ, ನನ್ನ ಕಣ್ಣೆದುರೇ ಕೆಟ್ಟಿತು. ಯಾರ ಪಾಳಿಯಲ್ಲಿ ಕೆಟ್ಟಿತೆಂಬ ಪ್ರಶ್ನೆಗೆ ಈ ಎರಡು ವಾಕ್ಯಗಳು ಬೇರೆ ಬೇರೆ ಉತ್ತರ ಕೊಡಬಲ್ಲವು. ‘ಬಿಫೋರ್’, ‘ಆಫ್ಟರ್’ ಎಂಬ ಪದಗಳಿದ್ದು ಹಿಂದುಮುಂದು ಸ್ಪಷ್ಟವಾಗಿದ್ದರೆ ಸಾದಾ ಭೂತಕಾಲವೇ ಸಾಮಾನ್ಯವಾಗಿ ಸಾಕಾಗುತ್ತದೆ. ಅಲ್ಲಿ ‘ಹ್ಯಾಡ್’ ತುರುಕುವ ಅಗತ್ಯವಿಲ್ಲ.

ಈಗ ನಾನು ಮೊದಲು ಘಟನೆಗಳನ್ನು ಗಡಿಯಾರದ ಹೊತ್ತಿನೊಂದಿಗೆ ನಡೆದ ಕ್ರಮದಲ್ಲೇ ಗುರುತು ಹಾಕಿಕೊಂಡು, ಆಮೇಲೆ ವಾಕ್ಯ ಬರೆಯುತ್ತೇನೆ. ಆ ರಾತ್ರಿಯ ದಾಖಲೆಯ ಕೆಳಗೆ, ಆಪರೇಟರ್ ಎದುರಿನಲ್ಲೇ, ತಿದ್ದುಪಡಿಯನ್ನು ಬರೆದು ಸಹಿ ಹಾಕಿದೆ: ‘ದಿ ಅಲಾರಂ ಸೌಂಡೆಡ್ ಅಟ್ 2.07. ದಿ ಆಪರೇಟರ್ ಸ್ಟಾಪ್ಡ್ ದಿ ಪಂಪ್ ಅಟ್ 2.08.’